ಹೊರಗೆ ಗರಿಗರಿ, ಒಳಗೆ ಹಸಿ: ಮಳೆಗಾಲದಲ್ಲಿ ಯಂತ್ರದಿಂದ ಮೆಣಸು ಒಣಗಿಸುವ ಬಗೆ

ಪ್ರಶ್ನೆ: ನಮ್ಮ ಮನೆ ಕಾರವಾರದಲ್ಲಿ, ಕಡಲಿಗೆ ಹತ್ತಿರ. ಹಿತ್ತಿಲಲ್ಲಿ ಸೂಜಿ ಮೆಣಸಿನ ನಾಲ್ಕು ಗಿಡಗಳಿವೆ, ತಾರಸಿಯ ಕುಂಡಗಳಲ್ಲಿ ಉದ್ದ ಮೆಣಸಿನ ಹದಿನೈದು ಗಿಡಗಳಿವೆ. ಮಳೆಗಾಲದಲ್ಲೂ ಹಣ್ಣಾಗುತ್ತಲೇ ಇರುತ್ತವೆ, ಒಣಗಿಸಲು ಬಿಸಿಲಿಲ್ಲ. ಅದಕ್ಕೆಂದೇ ಐದು ಟ್ರೇಗಳ ಫುಡ್ ಡಿಹೈಡ್ರೇಟರ್ ಕೊಂಡೆವು. ಇಡೀ ಮೆಣಸನ್ನು ಹಾಗೆಯೇ ಹರಡಿ 70 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟೆ. ಬೆಳಿಗ್ಗೆ ಮುಟ್ಟಿದರೆ ಗರಿಗರಿ, ಬಣ್ಣ ಮಾತ್ರ ಕಂದಿತ್ತು. ಆಗಲೇ ಗಾಜಿನ ಭರಣಿಗೆ ತುಂಬಿದೆ. ಹದಿನೈದು ದಿನಗಳಲ್ಲಿ ಒಳಗೆ ಬೂಸ್ಟು ಕಾಣಿಸಿತು. ಯಂತ್ರ ನಡೆದ ರಾತ್ರಿ ಮನೆಮಂದಿಗೆಲ್ಲ ಕೆಮ್ಮು ಬೇರೆ. ‘ಮೆಣಸು ಬಿಸಿಲಿಗೇ ಒಣಗಬೇಕು, ಯಂತ್ರಕ್ಕೆ ಒಗ್ಗುವುದಿಲ್ಲ’ ಎಂದು ಅತ್ತೆ ಹೇಳುತ್ತಾರೆ. ಕಡಲ ಗಾಳಿಯ ಊರಿನಲ್ಲಿ ಈ ಯಂತ್ರದಿಂದ ಪ್ರಯೋಜನ ಇದೆಯೇ? ಬೀಜ ತೆಗೆಯಬೇಕೇ? ಕರೆಂಟು ಎಷ್ಟು ಸುಡುತ್ತದೆ? ಬೂಸ್ಟು ಬಂದ ಮೆಣಸನ್ನು ತೊಳೆದು ಹುರಿದು ಬಳಸಬಹುದೇ?

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಅದು ಕಾಯುವಂಥದ್ದಲ್ಲ. ಆ ಭರಣಿಯ ಮೆಣಸನ್ನು ಪೂರ್ತಿ ಎಸೆಯಿರಿ. ಕೆಟ್ಟ ನಾಲ್ಕನ್ನು ಆರಿಸಿ ತೆಗೆದು ಉಳಿದದ್ದನ್ನು ಉಳಿಸಿಕೊಳ್ಳೋಣ ಎಂದು ಮನಸ್ಸು ಎಳೆಯುತ್ತದೆ. ಸ್ವಂತ ಗಿಡದ ಮೆಣಸಾದರೆ ಇನ್ನೂ ಹೆಚ್ಚು ಎಳೆಯುತ್ತದೆ. ಆದರೂ ಬೇಡ. ಮೆಣಸಿನ ಮೇಲೆ ಏಳುವ ಬೂಸ್ಟುಗಳಲ್ಲಿ ಆಸ್ಪರ್ಜಿಲಸ್ ಕುಲದವು ಸಾಮಾನ್ಯ. ಅವುಗಳಲ್ಲಿ ಕೆಲವು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಮಾಡುತ್ತವೆ. ಅದು ಯಕೃತ್ತನ್ನು ಕೆಡಿಸುತ್ತದೆ, ಕ್ಯಾನ್ಸರ್‌ಗೂ ಕಾರಣವಾಗುತ್ತದೆ. ಕಣ್ಣಿಗೆ ಕಾಣುವುದು ಬೂಸ್ಟು ಮಾತ್ರ, ವಿಷ ಕಾಣುವುದಿಲ್ಲ. ತೊಳೆದರೆ ಅದು ಹೋಗುವುದಿಲ್ಲ. ನಮ್ಮ ಒಲೆಯ ಮೇಲೆ ಹುರಿಯುವ, ಕುದಿಸುವ ಬಿಸಿಗೆ ನಾಶವಾಗುವುದೂ ಇಲ್ಲ. ಯುರೋಪಿನ ದೇಶಗಳು ಒಣಮೆಣಸಿನಲ್ಲಿ ಇದಕ್ಕೆ ಇಟ್ಟಿರುವ ಮಿತಿ ಕಿಲೋ ಒಂದಕ್ಕೆ ಒಟ್ಟು 10 ಮೈಕ್ರೋಗ್ರಾಂ. ಅಂದರೆ ಒಂದು ಗ್ರಾಂನ ಲಕ್ಷದಲ್ಲೊಂದು ಪಾಲು. ಅಷ್ಟು ಸಣ್ಣ ಪ್ರಮಾಣಕ್ಕೆ ಹೆದರುವ ವಸ್ತುವನ್ನು ನಾವು ಅಡುಗೆಮನೆಯಲ್ಲಿ ಅಂದಾಜಿನ ಮೇಲೆ ಬಳಸಬಾರದು. ಭರಣಿಯನ್ನು ಹೊರಗೆ ಒಯ್ದು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಖಾಲಿ ಮಾಡಿ. ಕುದಿನೀರು, ಸೋಪಿನಿಂದ ತೊಳೆದು ಪೂರ್ತಿ ಒಣಗಿಸಿದ ಮೇಲೆ ಭರಣಿಯನ್ನು ಮತ್ತೆ ಬಳಸಬಹುದು.

ಇನ್ನು ಅತ್ತೆಯವರ ಮಾತು. ಅದನ್ನು ತಳ್ಳಿಹಾಕಬೇಡಿ. ಕರಾವಳಿಯಲ್ಲಿ ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಮೆಣಸು ಒಣಗಿಸುವ ಕ್ರಮವನ್ನು ಅವರನ್ನೇ ಕೂರಿಸಿಕೊಂಡು ಕೇಳಿ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಅಂಗಳದಲ್ಲಿ ಚಾಪೆ ಹಾಸಿ ಹರಡುತ್ತಾರೆ. ಮಧ್ಯಾಹ್ನ ಒಮ್ಮೆ ಕೈಯಾಡಿಸುತ್ತಾರೆ. ಹೊತ್ತು ಇಳಿಯುವ ಮೊದಲೇ ಬಾಚಿ ರಾಶಿ ಮಾಡಿ, ಚಾಪೆಯಲ್ಲೇ ಸುತ್ತಿಯೋ ಬುಟ್ಟಿಗೆ ತುಂಬಿ ಗೋಣಿ ಮುಚ್ಚಿಯೋ ಒಳಗಿಡುತ್ತಾರೆ. ಮರುದಿನ ಮತ್ತೆ ಹರಡುತ್ತಾರೆ. ಸಂಜೆ ಗರಿಗರಿಯಾಗಿದ್ದ ಮೆಣಸು ಬೆಳಿಗ್ಗೆ ಬುಟ್ಟಿ ತೆರೆದಾಗ ಸ್ವಲ್ಪ ಮೆತ್ತಗಾಗಿರುತ್ತದೆ. ಇದನ್ನು ಅವರು ನೂರು ಸಲ ನೋಡಿರುತ್ತಾರೆ. ಇಬ್ಬನಿಯ ಥಂಡಿಯಿಂದ ಹಾಗಾಯಿತು ಎಂದುಕೊಳ್ಳುತ್ತೇವೆ. ಅದೂ ಸ್ವಲ್ಪ ಇರಬಹುದು. ಮುಖ್ಯ ಕಾರಣ ಬೇರೆ: ರಾತ್ರಿ ರಾಶಿಯಲ್ಲಿ ಮುಚ್ಚಿಕೊಂಡಿದ್ದಾಗ ಒಳಗಿನ ತೇವ ನಿಧಾನವಾಗಿ ಹೊರಸಿಪ್ಪೆಗೆ ಬಂದಿರುತ್ತದೆ. ಮರುದಿನದ ಬಿಸಿಲು ಅದನ್ನು ಒಯ್ಯುತ್ತದೆ. ಬಿಸಿಲಿನ ಒಣಗಿಸುವಿಕೆಯಲ್ಲಿ ಹೀಗೆ ಪ್ರತಿ ರಾತ್ರಿ ಒಂದು ವಿಶ್ರಾಂತಿ ತಾನಾಗಿಯೇ ಸಿಗುತ್ತಿತ್ತು. ನಿಮ್ಮ ಯಂತ್ರಕ್ಕೆ ನೀವು ಅದನ್ನು ಕೊಡಲಿಲ್ಲ.

ಮೆಣಸಿನ ಸಿಪ್ಪೆಯ ಮೇಲೆ ಮೇಣದಂಥ ಪದರವಿದೆ. ಮಳೆಹನಿ ಅದರ ಮೇಲೆ ನಿಲ್ಲದೆ ಜಾರುವುದನ್ನು ಗಮನಿಸಿರುತ್ತೀರಿ. ಹೊರಗಿನ ನೀರನ್ನು ಒಳಗೆ ಬಿಡದ ಪದರ ಒಳಗಿನ ನೀರನ್ನೂ ಹೊರಗೆ ಸುಲಭವಾಗಿ ಬಿಡುವುದಿಲ್ಲ. ಅದರ ಮೇಲೆ 70 ಡಿಗ್ರಿಯ ಗಾಳಿ ಒಂದೇ ಸಮನೆ ಬೀಸಿದರೆ ಸಿಪ್ಪೆ ಬೇಗ ಒಣಗಿ, ಸೆಟೆದು, ಇನ್ನಷ್ಟು ಬಿಗಿಯಾಗುತ್ತದೆ. ಒಳಗಿನ ತೇವಕ್ಕೆ ದಾರಿಯೇ ಇರುವುದಿಲ್ಲ. ಕೈಯಿಂದ ಮುಟ್ಟಿ ನೋಡಿದವರಿಗೆ ಒಣಗಿದಂತೆಯೇ ತೋರುತ್ತದೆ.

ಶಿರಸಿಯ ನಮ್ಮ ಮನೆಯಲ್ಲಿ ಹದಿನೈದು ವರ್ಷಗಳಿಂದ ಬಾಳೆಹಣ್ಣಿನ ಸುಕೇಳಿ, ಹಲಸಿನ ತೊಳೆ, ಮುರುಗಲು ಸಿಪ್ಪೆ, ಮೆಣಸು ಎಲ್ಲವನ್ನೂ ಒಣಗಿಸುತ್ತೇನೆ. ಮೊದಲ ವರ್ಷ ನಾನೂ ನಿಮ್ಮಂತೆಯೇ ಎರಡು ಕಿಲೋ ಹಣ್ಣುಮೆಣಸು ಕಳೆದುಕೊಂಡೆ. ಆಗ ಒಂದನ್ನು ಕತ್ತರಿಯಿಂದ ಉದ್ದಕ್ಕೆ ಸೀಳಿ ನೋಡಿದ್ದು ಈಗಲೂ ಕಣ್ಣ ಮುಂದಿದೆ. ಹೊರಸಿಪ್ಪೆ ಬೆರಳಿಗೆ ಕಾಗದದಂತೆ ತಾಗುತ್ತಿತ್ತು. ತುದಿಯ ಕಡೆ ಒಳಗೂ ಚೆನ್ನಾಗಿ ಒಣಗಿ, ಬೀಜಗಳು ಹೊಂಬಣ್ಣಕ್ಕೆ ಬಂದು ಸಡಿಲವಾಗಿದ್ದವು. ತೊಟ್ಟಿನ ಕಡೆಗೆ ಬಂದಂತೆ ಬೀಜ ಕಚ್ಚಿಕೊಂಡಿರುವ ಬಿಳಿಯ ತಿರುಳು ಇನ್ನೂ ಮೆತ್ತಗಿತ್ತು. ಉಗುರು ಒತ್ತಿದರೆ ಗುರುತು ಮೂಡುತ್ತಿತ್ತು. ಅಲ್ಲಿಂದಲೇ ಹತ್ತಿಯ ನೂಲಿನಂಥ ಬೂದುಬಿಳಿ ಎಳೆಗಳು ಹೊರಟು ಬೀಜದಿಂದ ಬೀಜಕ್ಕೆ ಹಬ್ಬಿದ್ದವು. ಬೂಸ್ಟು ಹುಟ್ಟುವ ಜಾಗ ತೊಟ್ಟಿನ ಬುಡ. ಅಂದಿನಿಂದ ನಾನು ಮೆಣಸಿನ ಹದ ನೋಡುವುದು ಅಲ್ಲಿಯೇ.

ಕಡಲ ಗಾಳಿಯ ಊರಿನಲ್ಲಿ ಯಂತ್ರ ಕೆಲಸ ಮಾಡುತ್ತದೆಯೇ ಎಂದು ಕೇಳಿದ್ದೀರಿ. ಮಾಡುತ್ತದೆ, ಅದರ ಹಿಂದಿನ ಲೆಕ್ಕ ತಿಳಿದರೆ ಧೈರ್ಯ ಬರುತ್ತದೆ. ಜುಲೈ ತಿಂಗಳ ಕಾರವಾರದಲ್ಲಿ 28 ಡಿಗ್ರಿ ಸೆಖೆ, ಗಾಳಿಯಲ್ಲಿ ಶೇಕಡ 90ರಷ್ಟು ತೇವಾಂಶ ಇದೆ ಎನ್ನಿ. ತಾನು ಹೊರಬಲ್ಲ ನೀರಾವಿಯಲ್ಲಿ ನೂರಕ್ಕೆ ತೊಂಬತ್ತು ಪಾಲನ್ನು ಆ ಗಾಳಿ ಆಗಲೇ ಹೊತ್ತಿದೆ, ಇನ್ನು ಬಟ್ಟೆಯನ್ನಾಗಲಿ ಮೆಣಸನ್ನಾಗಲಿ ಅದು ಒಣಗಿಸುವುದು ಎಲ್ಲಿಂದ? ಅದೇ ಗಾಳಿಯನ್ನು 55 ಡಿಗ್ರಿಗೆ ಕಾಯಿಸಿದರೆ ಅದರಲ್ಲಿರುವ ನೀರಾವಿ ಅಷ್ಟೇ ಇರುತ್ತದೆ, ಹೊರಬಲ್ಲ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಶೇಕಡ 90 ಇದ್ದದ್ದು ಸುಮಾರು 22ಕ್ಕೆ ಇಳಿಯುತ್ತದೆ. ಬರೀ 35 ಡಿಗ್ರಿಗೆ ಕಾಯಿಸಿದರೆ ಇನ್ನೂ 60ರಲ್ಲೇ ಇರುತ್ತದೆ. ಅದಕ್ಕೇ ಮಳೆಗಾಲದಲ್ಲಿ ಫ್ಯಾನಿನ ಕೆಳಗೆ, ಫ್ರಿಜ್‌ನ ಹಿಂದೆ ಇಟ್ಟ ಮೆಣಸು ಒಣಗುವ ಬದಲು ಕೊಳೆಯುವುದು. ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬಂದರೆ ಮಂಜು ಮುಸುಕಿ ಎಲ್ಲವೂ ಹೆಚ್ಚು ತೇವವೆಂದು ಅನಿಸುತ್ತದೆ. ಆದರೆ ನಮ್ಮ 22 ಡಿಗ್ರಿಯ ತಣ್ಣನೆಯ ಗಾಳಿಯಲ್ಲಿ ಒಟ್ಟು ನೀರಾವಿ ನಿಮ್ಮದಕ್ಕಿಂತ ಕಡಿಮೆ. 55ಕ್ಕೆ ಕಾಯಿಸಿದಾಗ ಅದು 16ರ ಆಸುಪಾಸಿಗೆ ಇಳಿಯುತ್ತದೆ. ಹಾಗಾಗಿ ಶಿರಸಿಯಲ್ಲಿ ಹತ್ತು ಗಂಟೆಗೆ ಒಣಗುವ ಮೆಣಸಿಗೆ ಕಾರವಾರದಲ್ಲಿ ಹನ್ನೊಂದು, ಹನ್ನೆರಡು ಗಂಟೆ ಹಿಡಿದರೆ ಗಾಬರಿ ಬೇಡ.

ಈ ಲೆಕ್ಕ ನಿಲ್ಲಬೇಕಾದರೆ ಯಂತ್ರಕ್ಕೆ ಹೊಸ ಗಾಳಿ ಸಿಗುತ್ತಿರಬೇಕು. ಎರಡು ಕಿಲೋ ಹಸಿಮೆಣಸು ಒಣಗುವಷ್ಟರಲ್ಲಿ ಸುಮಾರು ಒಂದೂವರೆ ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ಮಳೆ ಬರುತ್ತದೆಂದು ಕಿಟಕಿ ಮುಚ್ಚಿದ ಅಡುಗೆಮನೆಯಲ್ಲಿ ಯಂತ್ರ ಇಟ್ಟರೆ ಆ ಒಂದೂವರೆ ಲೀಟರ್ ಕೋಣೆಯಲ್ಲೇ ಸುತ್ತುತ್ತದೆ, ಮತ್ತೆ ಯಂತ್ರಕ್ಕೇ ಹೋಗುತ್ತದೆ. ನಿಮ್ಮ ಮನೆಮಂದಿ ಕೆಮ್ಮಿದ್ದೂ ಇದೇ ಕಾರಣಕ್ಕೆ: ಆ ಗಾಳಿಯ ಜೊತೆ ಮೆಣಸಿನ ಘಾಟೂ ಸುತ್ತುತ್ತಿತ್ತು. ಯಂತ್ರವನ್ನು ಜಗುಲಿಯಲ್ಲೋ ಹಿತ್ತಿಲ ಮಾಡಿನ ಕೆಳಗೋ, ಎರಚಲು ತಾಗದ ಕಡೆ, ಗೋಡೆಯಿಂದ ಒಂದು ಮೊಳ ದೂರದಲ್ಲಿ, ಸ್ಟೂಲಿನ ಮೇಲೆ ಇಡಿ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಸ್ವಿಚ್ ಮುಟ್ಟಬೇಡಿ. ಮನೆಯಲ್ಲಿ ಉಬ್ಬಸದವರಿದ್ದರೆ, ಚಿಕ್ಕ ಮಕ್ಕಳಿದ್ದರೆ ಅವರ ಕೋಣೆಯ ಕಿಟಕಿಯತ್ತ ಗಾಳಿ ಹೋಗದಂತೆ ನೋಡಿಕೊಳ್ಳಿ. ರಾತ್ರಿ ಮಲಗುವಾಗ ಒಳಗಿಟ್ಟು ನಡೆಸುವ ಅಭ್ಯಾಸವನ್ನು ಮೆಣಸಿನ ಮಟ್ಟಿಗೆ ಬಿಟ್ಟೇ ಬಿಡಿ.

ಈಗ ಮೆಣಸನ್ನು ಅಣಿ ಮಾಡುವ ವಿಷಯ. ಪೂರ್ತಿ ಕೆಂಪಾದ ಹಣ್ಣುಗಳನ್ನೇ ಕೊಯ್ಯಿರಿ. ಹಸಿರು ಮೆಣಸು ಒಣಗಿದರೆ ಮಾಸಲು ಬಣ್ಣಕ್ಕೆ ತಿರುಗುತ್ತದೆ, ಪರಿಮಳವೂ ಬರುವುದಿಲ್ಲ. ಅರ್ಧ ಕೆಂಪಾದದ್ದನ್ನು ಬುಟ್ಟಿಯಲ್ಲಿ ಗಾಳಿಯಾಡುವಂತೆ ನೆರಳಿನಲ್ಲಿ ಎರಡು ದಿನ ಇಟ್ಟರೆ ಬಣ್ಣ ತುಂಬಿಕೊಳ್ಳುತ್ತದೆ. ಮಳೆಗಾಲದ ಹಣ್ಣಿನಲ್ಲಿ ಕೊಳೆತ ಚುಕ್ಕೆ, ಹುಳು ಕೊರೆದ ತೂತು ಹೆಚ್ಚು. ಅಂಥದ್ದು ಒಂದೂ ಟ್ರೇ ಹತ್ತಬಾರದು. ತೊಟ್ಟಿರುವಾಗಲೇ ತೊಳೆಯಿರಿ. ತೊಟ್ಟು ಕಿತ್ತು ತೊಳೆದರೆ ಆ ತೂತಿನಿಂದ ನೀರು ಒಳಗೆ ಹೋಗಿ ಕೂರುತ್ತದೆ, ಆಮೇಲೆ ಎಷ್ಟು ಒರೆಸಿದರೂ ಪ್ರಯೋಜನವಿಲ್ಲ. ತೊಳೆದು, ಬಟ್ಟೆಯ ಮೇಲೆ ಹರಡಿ ಒರೆಸಿ, ಆಮೇಲೆ ತೊಟ್ಟು ತೆಗೆಯಿರಿ.

ಉದ್ದ ಮೆಣಸನ್ನು ಇಡಿಯಾಗಿ ಹಾಕಬೇಡಿ. ಅಡುಗೆ ಕತ್ತರಿಯಿಂದ ಉದ್ದಕ್ಕೆ ಎರಡಾಗಿ ಸೀಳಿ, ಒಳಭಾಗ ಮೇಲೆ ಬರುವಂತೆ ಹರಡಿ. ಒಗ್ಗರಣೆಗೆ ಇಡೀ ಮೆಣಸೇ ಬೇಕೆಂದಿದ್ದರೆ ತೊಟ್ಟಿನ ಬುಡದಿಂದ ಅರ್ಧದವರೆಗೆ ಒಂದು ಸೀಳು ಕೊಡಿ. ಸಮಯದಲ್ಲಿ ಆಗುವ ವ್ಯತ್ಯಾಸ ದೊಡ್ಡದು: 55 ಡಿಗ್ರಿಯಲ್ಲಿ ಎರಡಾಗಿ ಸೀಳಿದ್ದಕ್ಕೆ 8ರಿಂದ 12 ಗಂಟೆ, ಒಂದು ಸೀಳು ಕೊಟ್ಟದ್ದಕ್ಕೆ 12ರಿಂದ 18 ಗಂಟೆ, ಏನೂ ಮಾಡದ ಇಡೀ ಮೆಣಸಿಗೆ ಒಂದು ದಿನಕ್ಕೂ ಹೆಚ್ಚು. ಸೂಜಿ ಮೆಣಸು ಸೀಳಲು ತೀರ ಸಣ್ಣದು. ಅದರ ತೊಟ್ಟು ಕಿತ್ತರೆ ಸಾಕು, ಆ ತೂತೇ ಬಾಗಿಲಾಗುತ್ತದೆ. ಟ್ರೇಯ ಕಿಂಡಿಯಿಂದ ಕೆಳಗೆ ಉದುರುವಂತಿದ್ದರೆ ಟ್ರೇಯ ಮೇಲೆ ಸೊಳ್ಳೆ ಪರದೆಯಂಥ ಜಾಳು ಬಟ್ಟೆ ಹಾಸಿ. ಮೆಣಸು ಒಂದೇ ಪದರ ಇರಲಿ, ಒಂದರ ಮೇಲೊಂದು ಏರಬಾರದು.

ಬೀಜ ತೆಗೆಯುವುದು ನಿಮ್ಮಿಷ್ಟ. ಖಾರ ಬೀಜದಲ್ಲಿದೆ ಎಂಬ ನಂಬಿಕೆ ಎಲ್ಲ ಮನೆಗಳಲ್ಲೂ ಇದೆ. ನಿಜವಾಗಿ ಖಾರದ ಕ್ಯಾಪ್ಸೈಸಿನ್ ಹುಟ್ಟುವುದು ಬೀಜ ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ; ಅದರ ಸಂಗದಿಂದ ಬೀಜಕ್ಕೆ ಖಾರ ಹತ್ತುತ್ತದೆ. ಖಾರ ಕಡಿಮೆ ಬೇಕಾದರೆ ಆ ತಿರುಳನ್ನು ಕೆರೆದು ತೆಗೆಯಿರಿ. ಒಣಗುವ ದೃಷ್ಟಿಯಿಂದಲೂ ಅದು ಒಳ್ಳೆಯದು, ಏಕೆಂದರೆ ಕೊನೆಗೆ ಒಣಗುವ ಭಾಗ ಅದೇ. ಸೂಜಿ ಮೆಣಸಿನಲ್ಲಿ ಇದಾವುದೂ ಸಾಧ್ಯವಿಲ್ಲ, ಖಾರಕ್ಕಾಗಿಯೇ ಅದನ್ನು ಬೆಳೆಸುವುದು ಕೂಡ. ಅಂದಹಾಗೆ ನಿಮ್ಮ ಹಿತ್ತಿಲಿನ ಗಿಡಗಳನ್ನು ಬಹುಶಃ ಯಾರೂ ನೆಟ್ಟಿರಲಾರರು. ಹಕ್ಕಿಗಳಿಗೆ ಈ ಖಾರ ತಾಗುವುದಿಲ್ಲ. ಅವು ಹಣ್ಣು ನುಂಗಿ ಬೀಜ ಹಾಕಿದಲ್ಲೆಲ್ಲ ಗಿಡ ಏಳುತ್ತದೆ. ನಮ್ಮ ಅಡಿಕೆ ತೋಟದ ಅಂಚಿನಲ್ಲಿರುವ ಅಷ್ಟೂ ಗಿಡಗಳು ಹಾಗೆ ಬಂದವು.

ಇಷ್ಟೆಲ್ಲ ಕೆಲಸಕ್ಕೆ ಕೈಗವಸು ಹಾಕಿಕೊಳ್ಳಿ. ಕೈಗವಸು ಇಲ್ಲದೆ ಮಾಡಿ ಆಮೇಲೆ ಉರಿ ಎಂದರೆ ನೀರು ಸುರಿದುಕೊಂಡು ಪ್ರಯೋಜನವಿಲ್ಲ, ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ. ತೆಂಗಿನೆಣ್ಣೆಯನ್ನು ಕೈಗೆ ಚೆನ್ನಾಗಿ ತಿಕ್ಕಿ ಒರೆಸಿ, ಆಮೇಲೆ ಸೋಪು ಹಚ್ಚಿ ತೊಳೆಯಿರಿ. ಟ್ರೇ ತೊಳೆಯುವುದಕ್ಕೂ ಇದೇ ಕ್ರಮ. ಬಿಸಿನೀರು ಸುರಿದರೆ ಘಾಟು ಎದ್ದು ಮುಖಕ್ಕೆ ಹೊಡೆಯುತ್ತದೆ, ತಣ್ಣೀರೇ ಇರಲಿ. ಪ್ಲಾಸ್ಟಿಕ್ ಟ್ರೇಗೆ ಹತ್ತಿದ ಖಾರ ಎಷ್ಟು ತೊಳೆದರೂ ಸ್ವಲ್ಪ ಉಳಿಯುತ್ತದೆ. ಮೆಣಸು ಹಾಕಿದ ಟ್ರೇಗಳನ್ನು ಮೆಣಸಿಗೆಂದೇ ಗುರುತು ಹಾಕಿಡಿ. ಇಲ್ಲವಾದರೆ ಮುಂದಿನ ಸಲದ ಸುಕೇಳಿಯನ್ನು ಮಕ್ಕಳು ಬಾಯಿಗಿಟ್ಟ ಕೂಡಲೇ ಉಗುಳುತ್ತಾರೆ.

ಬಿಸಿಯ ವಿಷಯಕ್ಕೆ ಬರುತ್ತೇನೆ. 50ರಿಂದ 55 ಡಿಗ್ರಿ ಮೆಣಸಿಗೆ ಸರಿಯಾದ ಹದ. ಮಳೆ ಜಡಿಯುತ್ತಿರುವ ದಿನ ಮೊದಲ ಎರಡು ಗಂಟೆ 60ರಲ್ಲಿಟ್ಟು ಆಮೇಲೆ 55ಕ್ಕೆ ಇಳಿಸಬಹುದು. ಆರಂಭದಲ್ಲಿ ನೀರು ಆವಿಯಾಗುತ್ತಾ ಮೆಣಸನ್ನು ತಂಪಾಗಿಡುವುದರಿಂದ ತೊಂದರೆಯಿಲ್ಲ. ಅದಕ್ಕಿಂತ ಮೇಲೆ ಹೋದರೆ ಮೆಣಸಿನೊಳಗಿನ ಸಕ್ಕರೆ ಕಂದುತ್ತದೆ, ಕೆಂಪು ಬಣ್ಣ ಕರಗುತ್ತದೆ. ನಿಮ್ಮ ಮೆಣಸು ಕಪ್ಪಡರಿದ್ದಕ್ಕೆ ಕಾರಣ ಇದು. ಯಂತ್ರದ ಗುಂಡಿ ತೋರಿಸುವ ಅಂಕಿಯನ್ನೇ ನಂಬಬೇಡಿ. ಓವನ್‌ಗೆ ಬಳಸುವ ಸಣ್ಣ ಉಷ್ಣಮಾಪಕ ಒಂದನ್ನು ಟ್ರೇಯ ಮೇಲಿಟ್ಟು ನೋಡಿ. ನನ್ನ ಹಳೆಯ ಯಂತ್ರ 55 ಎಂದು ತೋರಿಸುವಾಗ ಕೆಳಗಿನ ಟ್ರೇಯಲ್ಲಿ 63 ಇರುತ್ತಿತ್ತು, ಮೇಲಿನದರಲ್ಲಿ 48. ಫ್ಯಾನ್ ತಳದಲ್ಲಿರುವ ಯಂತ್ರವಾದರೆ ಎರಡು ಗಂಟೆಗೊಮ್ಮೆ ಟ್ರೇಗಳನ್ನು ಕೆಳಗಿನದು ಮೇಲೆ, ಮೇಲಿನದು ಕೆಳಗೆ ಎಂದು ಬದಲಾಯಿಸಲೇಬೇಕು. ಫ್ಯಾನ್ ಹಿಂಭಾಗದಲ್ಲಿರುವುದಾದರೆ ಹಿಂದುಮುಂದು ತಿರುಗಿಸಿದರೆ ಸಾಕು.

ಇಲ್ಲಿಯೇ ಅತ್ತೆಯವರ ರಾತ್ರಿ ರಾಶಿಯನ್ನು ಯಂತ್ರಕ್ಕೆ ತನ್ನಿ. ಬೆಳಿಗ್ಗೆ ಹಚ್ಚಿ, ಎಂಟು ಗಂಟೆ ನಡೆಸಿ. ಮೆಣಸು ಚರ್ಮದಂತೆ ಬಾಗುವ, ಅಂಟದ ಹದಕ್ಕೆ ಬಂದಿರುತ್ತದೆ. ನಿಲ್ಲಿಸಿ, ಬಿಸಿ ಪೂರ್ತಿ ಆರಿದ ಮೇಲೆ ಎಲ್ಲವನ್ನೂ ಒಂದು ಸ್ಟೀಲ್ ಡಬ್ಬಿಗೆ ತುಂಬಿ ಮುಚ್ಚಿಡಿ. ರಾತ್ರಿ ಕಳೆಯಲಿ. ಬೆಳಿಗ್ಗೆ ತೆರೆದು ಮುಟ್ಟಿ ನೋಡಿ: ಸಿಪ್ಪೆ ಸಂಜೆಗಿಂತ ಮೆತ್ತಗಾಗಿದ್ದರೆ ಒಳಗಿನ ತೇವ ಹೊರಗೆ ಬಂದಿದೆ ಎಂದರ್ಥ. ಮತ್ತೆ ಹರಡಿ 50 ಡಿಗ್ರಿಯಲ್ಲಿ ಮೂರು, ನಾಲ್ಕು ಗಂಟೆ ನಡೆಸಿ. ಒಂದೇ ದಮ್ಮಿನಲ್ಲಿ ಹದಿನೈದು ಗಂಟೆ ನಡೆಸಿದಾಗ ಸಿಗದ ಹದ ಹೀಗೆ ಹನ್ನೆರಡು ಗಂಟೆಯಲ್ಲಿ ಸಿಗುತ್ತದೆ, ಬಣ್ಣವೂ ಉಳಿಯುತ್ತದೆ. ನೆನಪಿರಲಿ, ಮುಚ್ಚಿಡುವುದು ಅಂಟು ಹೋದ ಮೇಲೆ ಮಾತ್ರ. ಒತ್ತಿದರೆ ಇನ್ನೂ ನೀರು ಜಿನುಗುವ ಮೆಣಸನ್ನು ಮುಚ್ಚಿಟ್ಟರೆ ಬೆಳಗಾಗುವಷ್ಟರಲ್ಲಿ ಹುಳಿ ವಾಸನೆ ಬಂದಿರುತ್ತದೆ.

ಒಣಗಿತೆಂದು ತಿಳಿಯುವುದು ಹೇಗೆ? ಬಿಸಿ ಇರುವಾಗ ಪರೀಕ್ಷಿಸಬೇಡಿ, ಬಿಸಿ ಮೆಣಸು ಒಣಗಿದ್ದರೂ ಬಾಗುತ್ತದೆ. ಎರಡು ಮೂರು ಮೆಣಸನ್ನು ಹೊರತೆಗೆದು ಐದು ನಿಮಿಷ ಆರಿಸಿ. ಮಧ್ಯದಲ್ಲಿ ಮಡಿಸಿದರೆ ಪಟ್ಟೆಂದು ಮುರಿಯಬೇಕು. ಇಡೀ ಮೆಣಸಾದರೆ ಕಿವಿಯ ಬಳಿ ಅಲ್ಲಾಡಿಸಿ, ಬೀಜ ಗಲಗಲ ಎನ್ನಬೇಕು. ಆಮೇಲೆ ಅದರ ತೊಟ್ಟಿನ ಬುಡವನ್ನು ಸೀಳಿ ಬಿಳಿ ತಿರುಳಿಗೆ ಉಗುರು ಒತ್ತಿ ನೋಡಿ; ಗುರುತು ಬೀಳದೆ ಪುಡಿಯಾದರೆ ಸರಿ. ಇದಕ್ಕಿಂತ ಖಚಿತವಾದ ದಾರಿ ತಕ್ಕಡಿ. ಹಾಕುವ ಮೊದಲು ಒಂದು ಟ್ರೇಯ ಮೆಣಸನ್ನು ತೂಗಿ ಬರೆದಿಡಿ. ಹಣ್ಣುಮೆಣಸಿನಲ್ಲಿ ನೂರಕ್ಕೆ 70ರಿಂದ 80ರಷ್ಟು ನೀರು; ಒಣಗಿದ ಮೇಲೆ ಉಳಿಯಬೇಕಾದದ್ದು ಹತ್ತರಷ್ಟು. ಈ ಲೆಕ್ಕದಲ್ಲಿ ಒಂದು ಕಿಲೋ ಹಸಿಮೆಣಸು 220ರಿಂದ 330 ಗ್ರಾಂಗೆ ಇಳಿಯಬೇಕು. ಕುಂಡದ ರಸಭರಿತ ಮೆಣಸು 220ರ ಕಡೆಗೆ, ಗಿಡದಲ್ಲೇ ಸುಕ್ಕುಗಟ್ಟಿದ್ದು 330ರ ಕಡೆಗೆ. ಒಂದು ಗಂಟೆಯ ಅಂತರದಲ್ಲಿ ಎರಡು ಸಲ ತೂಗಿದಾಗ ತೂಕ ಇಳಿಯದಿದ್ದರೆ ಕೆಲಸ ಮುಗಿಯಿತು. ನಿಮ್ಮ ಮೆಣಸನ್ನು ಅಂದು ತೂಗಿದ್ದರೆ ಕಿಲೋಗೆ 400 ಗ್ರಾಂ ಮೇಲೆಯೇ ಇರುತ್ತಿತ್ತು ಎಂದು ನನ್ನ ಊಹೆ.

ಒಣಗಿದ ಮೇಲಿನ ಒಂದು ಗಂಟೆಯಲ್ಲಿ ನಮ್ಮ ಜಿಲ್ಲೆಯ ಮಳೆಗಾಲ ಎಲ್ಲವನ್ನೂ ಕೆಡಿಸಬಲ್ಲದು. ಒಣಮೆಣಸು ಗಾಳಿಯ ತೇವವನ್ನು ಹಪ್ಪಳದಷ್ಟೇ ಆಸೆಯಿಂದ ಹೀರುತ್ತದೆ. ರಾತ್ರಿ ಯಂತ್ರ ನಿಂತು, ಬೆಳಿಗ್ಗೆ ಎದ್ದು ತೆಗೆದಿಡೋಣ ಎಂದರೆ ಅಷ್ಟರಲ್ಲಿ ಅದು ಮತ್ತೆ ಬಾಗತೊಡಗಿರುತ್ತದೆ. ಬಿಸಿಬಿಸಿ ಇರುವಾಗಲೇ ಮುಚ್ಚಿದರೆ ಇನ್ನೊಂದು ತೊಂದರೆ: ಒಳಗಿನ ಆವಿ ತಣ್ಣನೆಯ ಗಾಜಿಗೆ ತಾಗಿ ಬೆವರುತ್ತದೆ, ಆ ಹನಿ ಮೆಣಸಿಗೆ ಇಳಿಯುತ್ತದೆ. ನಿಮ್ಮ ಭರಣಿಯಲ್ಲಿ ಒಳಗಿನ ಹಸಿಯ ಜೊತೆ ಇದೂ ಸೇರಿದೆ. ಬಿಸಿ ಹೆಚ್ಚಿದ್ದಾಗ ಮುಚ್ಚಬಾರದು, ತಣ್ಣಗಾಗಿ ತುಂಬ ಹೊತ್ತು ತೆರೆದಿಡಲೂಬಾರದು. ಹಾಗಾಗಿ ಬಿಸಿಯನ್ನು ಆರಿಸಿ ಫ್ಯಾನ್ ಮಾತ್ರ ನಡೆಯುವಂತಿದ್ದರೆ ಹದಿನೈದು ನಿಮಿಷ ಹಾಗೆ ಬಿಡಿ. ಇಲ್ಲವಾದರೆ ಟ್ರೇಗಳನ್ನು ಒಣ ಬಟ್ಟೆಯ ಮೇಲಿಟ್ಟು, ಕೈಗೆ ಬೆಚ್ಚಗೂ ತಾಗದಷ್ಟು ಆರಿದ ಕೂಡಲೇ ತುಂಬಿ ಮುಚ್ಚಿ. ಭರಣಿಯನ್ನೂ ಮೊದಲೇ ಕೊನೆಯ ಹತ್ತು ನಿಮಿಷ ಯಂತ್ರದ ಪಕ್ಕದ ಬಿಸಿಗಾಳಿಯಲ್ಲಿಟ್ಟು ಒಣಗಿಸಿರಿ.

ಭರಣಿಯ ಮುಕ್ಕಾಲು ಮಾತ್ರ ತುಂಬಿ. ಒಂದು ವಾರ ಅದನ್ನು ಕಣ್ಣಿಗೆ ಬೀಳುವ ಕಡೆ ಇಟ್ಟು, ದಿನಕ್ಕೊಮ್ಮೆ ಚೆನ್ನಾಗಿ ಅಲ್ಲಾಡಿಸಿ. ಒಂದು ಟ್ರೇಯ ಮೆಣಸು ಕೊಂಚ ಹಸಿ, ಇನ್ನೊಂದರದ್ದು ಹೆಚ್ಚು ಒಣಗಿದ್ದು ಇರುತ್ತದೆ. ಈ ವಾರದಲ್ಲಿ ಅವು ತೇವ ಹಂಚಿಕೊಂಡು ಒಂದೇ ಹದಕ್ಕೆ ಬರುತ್ತವೆ. ಗಾಜಿನ ಒಳಮೈಯಲ್ಲಿ ಮಂಜು ಕಂಡರೆ, ಮೆಣಸು ಒಂದಕ್ಕೊಂದು ಅಂಟಿದರೆ, ಅಲ್ಲಾಡಿಸಿದಾಗ ಸದ್ದು ಮಂದವಾದರೆ, ಅದೇ ದಿನ ಹೊರತೆಗೆದು ಮತ್ತೆ ಎರಡು ಗಂಟೆ ಯಂತ್ರಕ್ಕೆ ಹಾಕಿ. ಬೂಸ್ಟು ಕಾಣುವ ಮೊದಲೇ ಮಾಡಿದರೆ ಏನೂ ನಷ್ಟವಿಲ್ಲ. ವಾರದ ನಂತರ ದಿನಬಳಕೆಗೆ ಚಿಕ್ಕ ಭರಣಿಗೂ ಉಳಿದದ್ದನ್ನು ಬೇರೆ ಬೇರೆ ಡಬ್ಬಿಗೂ ಹಾಕಿ. ದೊಡ್ಡ ಡಬ್ಬಿಯನ್ನು ದಿನಕ್ಕೆ ಎರಡು ಸಲ ತೆರೆಯುತ್ತಿದ್ದರೆ ಆಷಾಢದ ಗಾಳಿ ಪ್ರತಿ ಸಲವೂ ಒಳಗೆ ಹೋಗುತ್ತದೆ. ಆಹಾರಕ್ಕೆಂದೇ ಮಾರುವ ಸಿಲಿಕಾ ಜೆಲ್ ಪೊಟ್ಟಣ ಒಂದನ್ನು ಒಳಗಿಡಬಹುದು. ಚಪ್ಪಲಿ ಡಬ್ಬಿಯಲ್ಲಿ ಬಂದದ್ದನ್ನು ಇಡಬೇಡಿ. ಬೆಳಕಿಗೆ ಮೆಣಸಿನ ಬಣ್ಣ ಮಾಸುತ್ತದೆ, ಡಬ್ಬಿ ಕಪಾಟಿನೊಳಗೆ ಇರಲಿ. ಬೇಸಿಗೆಯ ಹೊತ್ತಿಗೆ ಒಣಮೆಣಸಿನಲ್ಲಿ ಕಂದು ಬಣ್ಣದ ಸಣ್ಣ ಹುಳು ಬರುವುದು ನಿಮಗೂ ಗೊತ್ತಿರಬಹುದು. ಪೂರ್ತಿ ಒಣಗಿದ ಮೆಣಸನ್ನು ಗಾಳಿಯಾಡದ ಚೀಲದಲ್ಲಿ ಹಾಕಿ ಫ್ರೀಜರ್‌ನಲ್ಲಿ ಮೈನಸ್ 18 ಡಿಗ್ರಿಯಲ್ಲಿ ನಾಲ್ಕು ದಿನ ಇಟ್ಟರೆ ಮೊಟ್ಟೆಗಳೂ ಸಾಯುತ್ತವೆ. ಹೊರತೆಗೆದ ಮೇಲೆ ಚೀಲ ಕೋಣೆಯ ಬಿಸಿಗೆ ಬರುವವರೆಗೆ ಬಿಚ್ಚಬೇಡಿ, ಬಿಚ್ಚಿದರೆ ಮೆಣಸೇ ಬೆವರುತ್ತದೆ.

ಕರೆಂಟಿನ ಲೆಕ್ಕ ಚಿಕ್ಕದು. ಯಂತ್ರದ ಹಿಂದೆ 500 ವ್ಯಾಟ್ ಎಂದಿದ್ದರೆ ಹನ್ನೆರಡು ಗಂಟೆಗೆ ಹೆಚ್ಚೆಂದರೆ 6 ಯುನಿಟ್. ಬಿಸಿ ಮುಟ್ಟಿದಾಗ ತಾನೇ ನಿಲ್ಲುವುದರಿಂದ ಅದಕ್ಕಿಂತ ಕಡಿಮೆಯೇ ಆಗುತ್ತದೆ. ಅರ್ಧ ಕಿಲೋ ಮೆಣಸಿಗೂ ಐದು ಟ್ರೇ ತುಂಬ ಮೆಣಸಿಗೂ ಹೆಚ್ಚುಕಡಿಮೆ ಅಷ್ಟೇ ಸುಡುತ್ತದೆ, ಆದ್ದರಿಂದ ತುಂಬಿದ ಮೇಲೆಯೇ ಹಚ್ಚಿ. ಸಾರಿನ ಬಣ್ಣಕ್ಕೆ ಬೇಕಾದ ಮೆಣಸನ್ನು ಪೇಟೆಯಿಂದ ಹಸಿ ತಂದು ಯಂತ್ರದಲ್ಲಿ ಒಣಗಿಸುವ ಯೋಚನೆ ಇದ್ದರೆ ಬಿಡಿ. ಬ್ಯಾಡಗಿ ಮೆಣಸು ನಮ್ಮ ಪಕ್ಕದ ಹಾವೇರಿ ಜಿಲ್ಲೆಯದು, ಒಳ್ಳೆಯ ಬಿಸಿಲಿನಲ್ಲಿ ಒಣಗಿ ಬರುತ್ತದೆ, 2011ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ. ಅದನ್ನು ಒಣಗಿದ್ದನ್ನೇ ಕೊಳ್ಳುವುದು ಲಾಭ. ಯಂತ್ರ ಇರಬೇಕಾದದ್ದು ನಿಮ್ಮ ಸ್ವಂತ ಗಿಡದ ಮೆಣಸಿಗೆ, ಬಿಸಿಲಿಲ್ಲದ ನಾಲ್ಕು ತಿಂಗಳಿಗೆ.

ಆ ನಾಲ್ಕು ತಿಂಗಳಲ್ಲೇ ಕರೆಂಟು ಹೋಗುವುದೂ ಹೆಚ್ಚು. ತಂತಿಯ ಮೇಲೆ ಮರ ಬಿದ್ದರೆ ನಮ್ಮ ಕಡೆ ಎರಡು ದಿನ ಬರದಿದ್ದುದುಂಟು. ನಡುವೆ ನಿಂತರೆ ಮುಚ್ಚಳ ತೆಗೆದು ಟ್ರೇಗಳನ್ನು ಬಿಡಿಸಿ ಹರಡಿ, ಒಳಗಿನ ಬಿಸಿ ತೇವದಲ್ಲಿ ಮೆಣಸು ಬೇಯುವಂತೆ ಬಿಡಬೇಡಿ. ಮೂರು ನಾಲ್ಕು ಗಂಟೆಯಲ್ಲಿ ಬಂದರೆ ಮುಂದುವರಿಸಿ. ಬರದಿದ್ದರೆ ಬಚ್ಚಲ ಒಲೆ ಇರುವ ಮನೆಯಲ್ಲಿ ಹಂಡೆಯ ಪಕ್ಕದ ಕಟ್ಟೆಯ ಮೇಲೆ ಬಿದಿರ ತಟ್ಟೆಯಲ್ಲಿ ಹರಡಬಹುದು. ಹೊಗೆ ವಾಸನೆ ಹತ್ತುತ್ತದೆ, ಗೊಜ್ಜಿಗೆ ಅದು ಚೆನ್ನಾಗಿಯೇ ಇರುತ್ತದೆ.

ಪುಡಿ ಮಾಡುವುದಾದರೆ ಆಗಾಗ ಬೇಕಾದಷ್ಟೇ ಮಾಡಿ, ಇಡಿಯಾಗಿದ್ದಷ್ಟು ದಿನ ಪರಿಮಳ ಉಳಿಯುತ್ತದೆ. ಪುಡಿ ಮಾಡುವ ದಿನ ಮೆಣಸನ್ನು 50 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, ಆರಿಸಿ, ಮಿಕ್ಸಿಗೆ ಹಾಕಿದರೆ ನುಣ್ಣಗಾಗುತ್ತದೆ. ಮಿಕ್ಸಿ ನಿಲ್ಲಿಸಿ ಹತ್ತು ನಿಮಿಷ ಮುಚ್ಚಳ ಮುಟ್ಟಬೇಡಿ, ಹಾರಿದ ಪುಡಿ ಕೆಳಗೆ ಕೂರಲಿ. ಅಪ್ಪೆಮಿಡಿ ಉಪ್ಪಿನಕಾಯಿಗೆ ಈ ಪುಡಿ ಬಳಸುವುದಿದ್ದರೆ ತೇವದ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟಾಗಿರಿ. ವರ್ಷಗಟ್ಟಲೆ ಇಡುವ ಮಿಡಿಯ ಭರಣಿಗೆ ಹಸಿ ಪುಡಿ ಬಿದ್ದರೆ ಅದೂ ಕೆಡುತ್ತದೆ.

ಈಗ ಗಿಡದಲ್ಲಿರುವ ಹಣ್ಣನ್ನು ಏನು ಮಾಡುವುದು ಎಂದು ಕೇಳುತ್ತೀರಿ. ದಿನಕ್ಕೆ ಒಂದು ಹಿಡಿ ಸಿಗುತ್ತಿರಬಹುದು, ಐದು ಟ್ರೇ ತುಂಬಲು ಅದು ಸಾಲದು. ಕೊಯ್ದು, ತೊಳೆದು, ಒರೆಸಿ, ತೊಟ್ಟಿನ ಸಮೇತ ಚೀಲದಲ್ಲಿ ಹಾಕಿ ಫ್ರೀಜರ್‌ಗೆ ಸೇರಿಸುತ್ತಾ ಹೋಗಿ. ಮಂಜುಗಟ್ಟುವಾಗ ಮೆಣಸಿನ ಜೀವಕೋಶಗಳು ಒಡೆಯುವುದರಿಂದ ಆಮೇಲೆ ಅದು ಬೇಗ ಒಣಗುತ್ತದೆ. ಎರಡು ಕಿಲೋ ಆದ ದಿನ ಬೆಳಿಗ್ಗೆಯೇ ತೆಗೆದು, ಕರಗಿ ನೀರೊಡೆಯುವ ಮೊದಲು ತೊಟ್ಟು ಮುರಿದು, ಕತ್ತರಿಯಿಂದ ಸೀಳಿ, ನೇರವಾಗಿ ಟ್ರೇಗೆ ಹರಡಿ 60ರಲ್ಲಿ ಆರಂಭಿಸಿ. ಸಂಜೆ ಡಬ್ಬಿಗೆ ಹಾಕಿ ಮುಚ್ಚುವ ಹೊತ್ತಿಗೆ ಅತ್ತೆಯವರನ್ನು ಕರೆದು ಒಂದನ್ನು ಅವರ ಕೈಗೆ ಕೊಡಿ. ರಾಶಿ ಹಾಕುವ ಹದಕ್ಕೆ ಬಂದಿದೆಯೋ ಇಲ್ಲವೋ ಎಂಬುದನ್ನು ಅವರ ಬೆರಳು ನನ್ನ ಉಷ್ಣಮಾಪಕಕ್ಕಿಂತ ಬೇಗ ಹೇಳುತ್ತದೆ.